ಯಾರ ಕಡೆಯಿಂದ ಬಂದೀರಿ?

ಲಂಡನ್ನಿನ ಒಂದು ಕಾನೂನು ಸಂಶೋಧನಾ ಸಂಸ್ಥೆಗೆ ನಾಲ್ಕು ತಿಂಗಳು ವಿಸಿಟಿಂಗ್ ಫೆಲೋ, ಅಂದರೆ ಅತಿಥಿ ಸಂಶೋಧಕ, ಆಗಿ ಹೋಗಿದ್ದೆ. ಮೊದಲ ದಿನ ಕಾರ್ಡು ಕೊಟ್ಟರು, ಕಿಟಕಿ ಪಕ್ಕದ ಮೇಜು ತೋರಿಸಿದರು. ಲೈಬ್ರರಿಯಾಕೆ ಕೇಳಿದ್ದು ಒಂದೇ: ಯಾವ ವಿಷಯ ಓದುತ್ತಿದ್ದೀರಿ?

ಕಳೆದ ಬೇಸಿಗೆಯಲ್ಲಿ ನಮ್ಮೂರು ಕಲಬುರಗಿಗೆ ಬಂದೆ. ಇಲ್ಲೊಂದು ಲೈಬ್ರರಿಯ ಬಾಗಿಲಲ್ಲಿ ಕೇಳಿದ್ದು, ‘ಯಾರ ಕಡೆಯಿಂದ ಬಂದೀರಿ?’ ಪತ್ರ ಬೇಕು, ಪತ್ರಕ್ಕೆ ಶಿಕ್ಕಾ ಬೇಕು, ಶಿಕ್ಕಾ ಹಾಕುವ ಸಾಹೇಬರು ರಜೆಯಲ್ಲಿ. ಮೂರನೇ ದಿನ ಒಳಗೆ ಬಿಟ್ಟರು. ಅಲಮಾರಿಯ ಕೀಲಿ ಮಾತ್ರ ಇನ್ಯಾರದ್ದೋ ಕಿಸೆಯಲ್ಲಿತ್ತು.

ನಾನು ಓದುತ್ತಿದ್ದದ್ದು ನಿಜಾಮರ ದುಡ್ಡಿನ ಕೇಸು. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನದ ಸುಮಾರು 10 ಲಕ್ಷ ಪೌಂಡ್ ಲಂಡನ್ನಿನಲ್ಲಿದ್ದ ಪಾಕಿಸ್ತಾನದ ಹೈಕಮಿಷನರ್ ಖಾತೆಗೆ ಹೋಯಿತು. ನಿಜಾಮರು ವಾಪಸ್ ಕೇಳಿದರು. ಇನ್ನೊಂದು ದೇಶದ ಸರ್ಕಾರವನ್ನು ಅದರ ಒಪ್ಪಿಗೆ ಇಲ್ಲದೆ ನಮ್ಮ ಕೋರ್ಟಿಗೆ ಎಳೆಯಲು ಆಗಲ್ಲ ಅಂತ 1957ರಲ್ಲಿ ಹೌಸ್ ಆಫ್ ಲಾರ್ಡ್ಸ್, ಆಗಿನ ಬ್ರಿಟನ್ನಿನ ಅತ್ಯುನ್ನತ ಕೋರ್ಟು, ಹೇಳಿತು. ದುಡ್ಡು ಬ್ಯಾಂಕಿನಲ್ಲೇ ಕೊಳೆಯಿತು. ಕೊಳೆಯಿತು ಅಂದರೆ ಬೆಳೆಯಿತು. 2013ರಲ್ಲಿ ಪಾಕಿಸ್ತಾನವೇ ಕೋರ್ಟಿಗೆ ಹೋಯಿತು, ಅಲ್ಲಿಗೆ ಆ ರಕ್ಷಣೆ ಕೈತಪ್ಪಿತು. 2019ರ ಅಕ್ಟೋಬರ್‌ನಲ್ಲಿ ತೀರ್ಪು ಭಾರತ ಮತ್ತು ನಿಜಾಮರ ವಾರಸುದಾರರ ಕಡೆ ಬಂತು. ಅಷ್ಟೊತ್ತಿಗೆ ಅದು ಸುಮಾರು 3.5 ಕೋಟಿ ಪೌಂಡ್.

ಅಂತರರಾಷ್ಟ್ರೀಯ ಕಾನೂನು ಎಲ್ಲೋ ಹೇಗ್‌ನ ಅಂತರರಾಷ್ಟ್ರೀಯ ಕೋರ್ಟಿನಲ್ಲಿ ಇರುತ್ತೆ ಅಂದುಕೊಂಡಿದ್ದೇವೆ. ಆದರೆ ಈ ಕೇಸಿನ ಹೈದರಾಬಾದ್ ಸಂಸ್ಥಾನದೊಳಗೇ ಬೀದರ್, ಕಲಬುರಗಿ, ಯಾದಗಿರಿ ಎಲ್ಲ ಇದ್ದವು, ಅಲ್ವಾ?

ಫೆಲೋಶಿಪ್ ಅಂದ ಕೂಡಲೇ ನಮ್ಮ ಹುಡುಗರು ಸ್ಕಾಲರ್‌ಶಿಪ್ ಅಂದುಕೊಳ್ಳುತ್ತಾರೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕಾನೂನು ಸಂಶೋಧನೆ ಮಾಡುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಂಥವು ಹೊರಗಿನವರಿಗೆ ದುಡ್ಡು ಕೊಡುವುದುಂಟು. ಎಷ್ಟೋ ಕಡೆ ಸಿಗೋದು ಮೇಜು ಮತ್ತು ಪುಸ್ತಕ ಮಾತ್ರ. ಕೆಲವು ಕಡೆ ನಾವೇ ಫೀ ಕಟ್ಟಬೇಕು. ವೀಸಾ, ಬಾಡಿಗೆ ನಮ್ಮದೇ. ಅರ್ಜಿಯಲ್ಲಿ ‘ನಿಮ್ಮ ಸಂಸ್ಥೆ ಜಗತ್ಪ್ರಸಿದ್ಧ’ ಅಂತ ಸುಮ್ನೆ ಹೊಗಳಬೇಡಿ. ಅವರ ಲೈಬ್ರರಿಯ ಯಾವ ಸಂಗ್ರಹ ನಿಮಗೆ ಬೇಕು, ಯಾಕೆ ಬೇಕು, ಅದನ್ನು ಬರೆಯಿರಿ.

ಲಂಡನ್ನಿನಲ್ಲಿ ಸಂಜೆ ಆರಕ್ಕೆ ಎಲ್ಲರೂ ಕೋಟು ಹಾಕಿಕೊಂಡು ಹೊರಡುತ್ತಿದ್ದರು. ನಾಲ್ಕು ತಿಂಗಳಲ್ಲಿ ಒಬ್ಬರೂ ಊಟ ಆಯಿತಾ ಅಂತ ಕೇಳಲಿಲ್ಲ. ಬೇಜಾರಿಲ್ಲ, ಕೆಲಸ ಜಾಸ್ತಿ ಸಾಗಿತು.

ಇಲ್ಲಿ ಲೈಬ್ರರಿ ಕೈಕೊಟ್ಟ ಸಂಜೆ ವಕೀಲ ಕಾಕಾನ ಮನೆಗೆ ಹೋದೆ. ಅಪ್ಪನ ಗೆಳೆಯ, ಎಂಬತ್ತು ದಾಟಿದೆ. ಕಾಟಿನ ಕೆಳಗಿನ ತಗಡಿನ ಟ್ರಂಕು ಎಳೆದ. ನುಸಿಗುಳಿಗೆ ವಾಸನೆ. ಒಳಗೆ ಇನಾಂ ಜಮೀನಿನ ಮುಂತಖಬ್, ಅಂದರೆ ಇನಾಂ ಹಕ್ಕಿನ ಸರ್ಕಾರಿ ಪತ್ರ, ಪೂರ್ತಿ ಉರ್ದು, ಮಡಿಕೆಯಲ್ಲಿ ಹರಿದಿತ್ತು. ತಾರೀಖು ಫಸಲಿ, ಅಂದರೆ ನಿಜಾಮರ ಕಾಲದ ಕಂದಾಯ ವರ್ಷದ ಲೆಕ್ಕ, 1350. ‘590 ಕೂಡಿಸು ತಮ್ಮಾ’ ಅಂದ. ಅಂದರೆ 1940ರ ಹೊತ್ತಿನದು. ಬೆರಳಿಟ್ಟು ಸಾಲು ಸಾಲು ಕನ್ನಡಕ್ಕೆ ಹೇಳಿದ. ನಡುವೆ ರೊಟ್ಟಿ, ಪುಂಡಿಪಲ್ಯ ಬಂತು. ಕಾಗದಕ್ಕೆ ಎಣ್ಣೆ ತಾಗೀತು ಅಂತ ಟ್ರಂಕಿನ ಮುಚ್ಚಳ ಹಾಕಿದ.

ರಾತ್ರಿ ಆಟೋದಲ್ಲಿ ಬರುವಾಗ ಹೊಳೆಯಿತು: ಆ ಟ್ರಂಕನ್ನು ತೆರೆಸಿದ್ದೂ ‘ಯಾರ ಕಡೆಯಿಂದ ಬಂದೀರಿ’ ಅನ್ನೋದೇ. ನಾನು ಅಪ್ಪನ ಮಗ. ಮೈಸೂರಿನ ಸಂಶೋಧಕಿ ಬಂದಿದ್ದರೆ? ಜರ್ಮನಿಯವ ಬಂದಿದ್ದರೆ?

2013ರಿಂದ ಇಲ್ಲಿ ಹೈಕೋರ್ಟಿನ ಕಾಯಂ ಪೀಠ ಇದೆ. ಈ ಸೀಮೆಗೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಇದೆ. ಒಂದೇ ದೇಶದಲ್ಲಿ ಒಂದು ಸೀಮೆಗೆ ಬೇರೆ ನಿಯಮ ಯಾಕೆ ಅಂತ ಇಟಲಿಯಲ್ಲಿ ಸ್ವಾಯತ್ತತೆ ಇರುವ ದಕ್ಷಿಣ ಟೈರೋಲ್ ಸೀಮೆಯ ಜೊತೆ ಹೋಲಿಸಿ ಓದುವವರಿಗೆ ಇದಕ್ಕಿಂತ ಒಳ್ಳೆ ಊರು ಬೇಕಾ? ಕಲಬುರಗಿಯೂ ವರ್ಷಕ್ಕೆ ಇಬ್ಬರು ಫೆಲೋಗಳನ್ನು ಕರೆಯಲಿ. ಮೂರು ತಿಂಗಳು ಒಂದು ಮೇಜು, ಫ್ಯಾನು, ಅಲಮಾರಿಯ ಕೀಲಿ, ಉರ್ದು ಓದಿ ಹೇಳುವವರೊಬ್ಬರು. ಶಾಲು, ಹಾರ ಬೇಡ. ಮೇ ತಿಂಗಳಲ್ಲಂತೂ ಕರೆಯಲೇಬಾರದು.

ಊರಿಂದ ಹೊರಡುವ ಮುಂಚೆ ಕಾಕಾನನ್ನು ಕೇಳಿದೆ, ಗುರುತಿಲ್ಲದವರು ಬಂದರೆ ಟ್ರಂಕು ತೋರಿಸ್ತೀಯಾ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದ.

‘ಕಳಸು. ಮಧ್ಯಾಹ್ನ ಬ್ಯಾಡ, ಮಲಗಿರ್ತೀನಿ. ಐದರ ಮ್ಯಾಲ ಬರ್ಲಿ.’