ಸೈಡ್ ಕೊಡುವ ಜಗಳ: ಲಾರಿ, ವ್ಯಾನುಗಳನ್ನು ಎಡ ಲೇನಿಗೆ ಕಟ್ಟಿಹಾಕಬೇಕಾ?

ಹಿರಿಯೂರಿನ ಕಡೆಯಿಂದ ಬೆಂಗಳೂರಿನ ಯಶವಂತಪುರ ಯಾರ್ಡಿಗೆ ಏಳು ವರ್ಷ ಪಿಕಪ್ ವ್ಯಾನಿನಲ್ಲಿ ಈರುಳ್ಳಿ ಲೋಡು ಹೊಡೆದವನು ನಾನು. ನನ್ನ ಸೋದರಮಾವ ಇಪ್ಪತ್ತೆಂಟು ವರ್ಷ ಲಾರಿ ಓಡಿಸಿದವರು. ಹೆದ್ದಾರಿಯ ಮಾತು ಬಂದರೆ ನಮ್ಮಿಬ್ಬರಿಗೂ ಒಂದೇ ಜಗಳ. ಬಲ ಲೇನು ಹಿಡಿದು ಕೂತ ಲಾರಿ, ವ್ಯಾನುಗಳಿಗೆ ಕ್ಯಾಮೆರಾ ಇಟ್ಟು ದಂಡ ಹಾಕಬೇಕಾ, ಬೇಡವಾ? ಮೊದಲ ಭಾಗ ನನ್ನ ವಾದ. ಎರಡನೆಯದು ಮಾವನದ್ದು. ಅವರು ಪೆನ್ನು ಹಿಡಿಯುವ ಪೈಕಿ ಅಲ್ಲ, ಅದಕ್ಕೆ ನಾನೇ ಬರೆದಿದ್ದೇನೆ. ಬರೆಯುತ್ತಾ ಹೋದಂತೆ ಅವರ ಭಾಗವೇ ಉದ್ದವಾಯಿತು. ಏನು ಮಾಡೋದು.

ಪರ: ದಂಡ ಹಾಕಲೇಬೇಕು

ಶಿರಾ ದಾಟಿ ತುಮಕೂರಿನ ಕಡೆ ರಾತ್ರಿ ಹೊತ್ತು ಬಂದವರಿಗೆ ಈ ದೃಶ್ಯ ಗೊತ್ತಿರುತ್ತದೆ. ಮುಂದೆ ಎರಡು ಲಾರಿ, ಪಕ್ಕಪಕ್ಕ. ಎಡಗಡೆಯದು 58ರಲ್ಲಿ ಹೋಗುತ್ತಿದೆ. ಬಲಗಡೆಯದು 62ರಲ್ಲಿ. ಬಲಗಡೆಯವನು ಓವರ್‌ಟೇಕ್ ಮಾಡುತ್ತಿದ್ದಾನೆ, ಅಂದರೆ ಹಾಗೆ ಅಂದುಕೊಂಡಿದ್ದಾನೆ.

ಸುಮ್ನೆ ಲೆಕ್ಕ ಹಾಕಿ ನೋಡಿ. ಅವನು ಪೂರ್ತಿ ದಾಟಿ ಎಡಕ್ಕೆ ಬರಬೇಕಾದರೆ ಎರಡೂ ಲಾರಿಗಳ ಉದ್ದ, ಹಿಂದೆ ಮುಂದೆ ಬಿಡಬೇಕಾದ ಜಾಗ, ಎಲ್ಲಾ ಸೇರಿ 60 ಮೀಟರ್ ಆದರೂ ಜಾಸ್ತಿ ಓಡಬೇಕು. ಇಬ್ಬರ ನಡುವಿನ ವ್ಯತ್ಯಾಸ ಗಂಟೆಗೆ 4 ಕಿಲೋಮೀಟರ್. ಅದು ಮನುಷ್ಯ ನಡೆಯುವ ವೇಗ. 60 ಮೀಟರ್ ನಡೆಯಲು 54 ಸೆಕೆಂಡು ಬೇಕು. ಅಷ್ಟರಲ್ಲಿ ರಸ್ತೆಯ ಮೇಲೆ 900 ಮೀಟರಿಗೂ ಜಾಸ್ತಿ ಕಳೆದಿರುತ್ತದೆ. ಅಷ್ಟು ದೂರ ಹಿಂದಿದ್ದವರೆಲ್ಲ ಅವನ ಹಿಂದೆ ದಿಬ್ಬಣದ ಥರ ಹೋಗಬೇಕು. ನಡುವೆ ಒಂದು ಏರು ಬಂದರೆ ಮುಗಿಯಿತು. ಬಲಗಡೆಯವನ ದಮ್ಮು ಕಡಿಮೆಯಾಗಿ ಇಬ್ಬರೂ ಸಮ ಆಗುತ್ತಾರೆ. ಯಾರೂ ಬಿಡುವುದಿಲ್ಲ.

ಹಿಂದೆ ಏನಾಗುತ್ತದೆ? ಡಿಪ್ ಹೊಡೆದು ಹೊಡೆದು ಸಾಕಾದವನು ಎಡಗಡೆಯಿಂದ ನುಗ್ಗುತ್ತಾನೆ. ಎಡಗಡೆಯಿಂದ ಓವರ್‌ಟೇಕ್ ಮಾಡುವುದು ತಪ್ಪು ಅಂತ ಅವನಿಗೂ ಗೊತ್ತು. ಆದರೆ ಬಲಗಡೆ ದಾರಿ ಎಲ್ಲಿದೆ? ಈ ಅಡ್ಡಾದಿಡ್ಡಿ ಓಟದ ಬೇರು ಬಲ ಲೇನಿನಲ್ಲಿ ಕೂತವನ ಬುಡದಲ್ಲೇ ಇದೆ.

ಕಾನೂನು ಹೊಸದೇನೂ ಅಲ್ಲ. ವಾಹನ ಎಡಕ್ಕೆ ಇರಬೇಕು, ದಾಟುವುದು ಬಲದಿಂದ. 2017ರ ಚಾಲನಾ ನಿಯಮಗಳಲ್ಲೂ ಇದೇ ಇದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದಾಗ 177ಎ ಅಂತ ಕಲಂ ಸೇರಿಸಿ, ಈ ನಿಯಮ ಮುರಿದರೆ 500ರಿಂದ 1000 ರೂಪಾಯಿ ದಂಡ ಅಂತ ಬರೆದರು. ಬರೆದದ್ದು ಪುಸ್ತಕದಲ್ಲಿದೆ. ಏಳು ವರ್ಷದಲ್ಲಿ ಬಲ ಲೇನಿನಲ್ಲಿ ಇದ್ದೆ ಅಂತ ನನ್ನನ್ನು ಒಬ್ಬರೂ ನಿಲ್ಲಿಸಲಿಲ್ಲ. ಟರ್ಪಾಲು ಸರಿಯಿಲ್ಲ, ಹಿಂದಿನ ಲೈಟು ಮಂಕು ಅಂತೆಲ್ಲ ನಿಲ್ಲಿಸಿದ್ದಾರೆ.

ಇನ್ನು ನಮ್ಮ ಜಾತಿಯ ಮಾತು. ವ್ಯಾನಿನವರದ್ದು. ನಿಜ ಹೇಳಬೇಕೆಂದರೆ ಲಾರಿಗಿಂತ ಜಾಸ್ತಿ ತಪ್ಪು ನಮ್ಮದೇ. ಲಾರಿಯವನಿಗೆ ತನ್ನ ಗಾಡಿ ನಿಧಾನ ಅಂತ ಗೊತ್ತು. ಪಿಕಪ್ಪಿನವನು ತಾನು ಓಡಿಸುತ್ತಿರುವುದು ಕಾರು ಅಂದುಕೊಂಡಿರುತ್ತಾನೆ. ಡಿವೈಡರ್ ಪಕ್ಕ ಹಿಡಿದರೆ ಬಿಡುವುದಿಲ್ಲ. ‘ನಾನೂ 80ರಲ್ಲೇ ಹೋಗ್ತಿದ್ದೀನಲ್ಲ, ಇನ್ನೇನು ಹಾರಬೇಕಾ?’ ಅನ್ನುವ ವಾದ. ಡಿವೈಡರ್ ಇರುವ ನಾಲ್ಕು ಪಥದ ರಸ್ತೆಯಲ್ಲಿ ಸರಕು ಗಾಡಿಗೆ ಮಿತಿ 80, ಕಾರಿಗೆ 100. 2018ರಲ್ಲಿ ಕೇಂದ್ರ ಸರ್ಕಾರವೇ ಹೀಗೆ ಗೊತ್ತುಮಾಡಿದೆ. ಅಂದರೆ ನಾನು ಕಾನೂನಿನ ಪ್ರಕಾರ ಎಷ್ಟು ಜೋರಾಗಿ ಹೋದರೂ ಹಿಂದಿನ ಕಾರಿಗಿಂತ 20 ಕಡಿಮೆಯೇ. ಬಲ ಲೇನು ನನ್ನದಾಗುವುದು ಹೇಗೆ?

ಇದು ನನ್ನ ತಲೆಗೆ ಹೋದದ್ದು ಕ್ಯಾತಸಂದ್ರದ ಟೋಲಿನಲ್ಲಿ. ಆವತ್ತು ಮೂಟೆ ಜಾಸ್ತಿ ಏರಿಸಿದ್ದೆವು. ಟರ್ಪಾಲಿನ ಹಗ್ಗದ ತುದಿ ಬಿಚ್ಚಿಕೊಂಡು ಬಲಗಡೆ ಕನ್ನಡಿಯ ಮೇಲೆ ಪಟಪಟ ಬಡಿಯುತ್ತಿತ್ತು. ಟೋಲಿನಲ್ಲಿ ಕಟ್ಟಿದರಾಯಿತು ಅಂತ ಹಾಗೇ ಬಂದೆ. ಟೋಲಿನ ಸಾಲಿನಲ್ಲಿ ಹಿಂದಿನ ಕಾರಿನವರು ಇಳಿದು ಬಂದರು. ವಯಸ್ಸಾದವರು. ಬೈಯಲಿಲ್ಲ. ಹಗ್ಗವನ್ನು ಎತ್ತಿ ಹಿಡಿದು, ‘ಅಣ್ಣಾ, ಶಿರಾದಿಂದ ಲೈಟ್ ಹಾಕ್ತಾ ಇದ್ದೀನಿ. ಕನ್ನಡಿ ಇಟ್ಕೊಂಡಿರೋದು ಕ್ರಾಪು ತೀಡೋಕಾ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ಹಗ್ಗ ಕಟ್ಟುವ ಸೋಮಾರಿತನಕ್ಕೆ ಶಿರಾದಿಂದ ಅಲ್ಲಿಯವರೆಗೆ ಒಬ್ಬರಿಗೆ ದಾರಿ ಕೊಟ್ಟಿರಲಿಲ್ಲ.

ಇದೆಲ್ಲ ಸಂಸ್ಕಾರದ ವಿಷಯ, ತಿಳಿಹೇಳಿದರೆ ಸಾಕು ಅನ್ನುವವರಿದ್ದಾರೆ. ಹೆಲ್ಮೆಟ್ಟನ್ನು ಯಾರು ಪ್ರೀತಿಯಿಂದ ಹಾಕಿಕೊಂಡರು ಸ್ವಾಮಿ? ಜೇಬಿಗೆ ಬಿಸಿ ತಟ್ಟಿದ ಮೇಲೆ ತಾನೇ ತಲೆಗೆ ಏರಿದ್ದು.

ಎಡ ಲೇನು ಸರಿಯಿಲ್ಲ ಅನ್ನುವ ನೆಪವೂ ಎಲ್ಲ ಕಡೆ ನಡೆಯುವುದಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿ ನೋಡಿ. ಒಂದೊಂದು ಕಡೆಗೆ ಮೂರು ಲೇನು. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಹೊರಗೆ ಹಾಕಿ ಸರ್ವಿಸ್ ರೋಡಿಗೆ ಕಳಿಸಿದ್ದಾರೆ. ಎಡಗಡೆ ಎರಡು ಲೇನು ಹಾಸಿಕೊಂಡು ಬಿದ್ದಿದ್ದರೂ ಲಾರಿ ಡಿವೈಡರ್ ಪಕ್ಕದಲ್ಲೇ. ಅಲ್ಲಿ ವೇಗ ಹಿಡಿಯುವ ಕ್ಯಾಮೆರಾ ಆಗಲೇ ಇವೆ. ಲೇನನ್ನೂ ಹಿಡಿಯಲಿ.

ವಿರೋಧ: ಮೊದಲು ಎಡ ಲೇನ್ ತೋರಿಸಿ

‘ನೋಡು ಅಳಿಯಾ, ಮೈಸೂರು ರಸ್ತೆ ತೋರಿಸಿ ಹಿರಿಯೂರು ರಸ್ತೆಗೆ ಬಿಲ್ಲು ಕೊಡಬೇಡ.’ ಮಾವ ಶುರುಮಾಡುವುದೇ ಇಲ್ಲಿಂದ.

ನಮ್ಮ ರಾಷ್ಟ್ರೀಯ ಹೆದ್ದಾರಿ 48ರಲ್ಲಿ, ಅದೇ ಹಳೆಯ ನಾಲ್ಕನೇ ನಂಬರಿನಲ್ಲಿ, ಎಡ ಲೇನು ಹಿಡಿದು ಒಂದು ರಾತ್ರಿ ಹೋಗಿ ನೋಡಿ. ಎದುರಿನಿಂದ ಲೈಟಿಲ್ಲದ ಬೈಕು ಬರುತ್ತದೆ. ಮುಂದೆ ಹೋಗಿ ತಿರುಗಿಸಿಕೊಂಡು ಬರಲು ಅವನಿಗೆ ಬೇಜಾರು. ಹಳ್ಳಿ ಗೇಟಿನಲ್ಲಿ ಬಸ್ಸು ಲೇನಿನ ಮೇಲೇ ನಿಲ್ಲುತ್ತದೆ. ಬಸ್ಸಿಗೆ ಕಾಯುವವರೂ ಅಲ್ಲೇ. ಹಿಂದೆ ಒಂದು ರೇಡಿಯಂ ಚೂರೂ ಇಲ್ಲದ ಟ್ರ್ಯಾಕ್ಟರ್ ಟ್ರೈಲರ್. ಬೆಳಗಿನ ಜಾವ ಕುರಿ ಹಿಂಡು. ಸರ್ವಿಸ್ ರೋಡ್ ಇರುವ ಕಡೆ ಅದರ ತುಂಬ ಅಂಗಡಿ, ಡಾಬಾದ ಗಾಡಿಗಳು, ಅಲ್ಲಿಗೆ ಸೇರಬೇಕಾದವರೆಲ್ಲ ಮೇಲಿನ ರಸ್ತೆಗೆ. ಇದನ್ನೆಲ್ಲ ಎಡ ಲೇನು ಅಂತ ಕರೆದರೆ ಸಂತೆಯನ್ನೂ ಹೆದ್ದಾರಿ ಅನ್ನಬೇಕಾಗುತ್ತದೆ ಅನ್ನುತ್ತಾರೆ ಮಾವ.

ಅದಕ್ಕಿಂತ ಕೆಟ್ಟದ್ದು ಕಲ್ಲು. ಲಾರಿ ಪಂಕ್ಚರ್ ಆಗಿ ಎಡಕ್ಕೆ ನಿಂತರೆ ಹಿಂದೆ ತಲೆಗಾತ್ರದ ನಾಲ್ಕು ಕಲ್ಲು ಸಾಲಾಗಿ ಇಡುತ್ತಾರೆ. ಒಂದು ಹೊಂಗೆ ಕೊಂಬೆ ಮುರಿದು ಹಾಕುತ್ತಾರೆ. ಹಿಂದಿನವರಿಗೆ ಎಚ್ಚರಿಕೆ. ಎಷ್ಟು ಒಳ್ಳೆಯ ಮರ್ಯಾದೆ ಅಲ್ವಾ? ಟೈರು ಬದಲಾಯಿಸಿ ಗಾಡಿ ಹೊರಡುತ್ತದೆ, ಕಲ್ಲು ಅಲ್ಲೇ ಉಳಿಯುತ್ತವೆ. ಮುಂದಿನ ರಾತ್ರಿ ಎಡ ಲೇನಿನಲ್ಲಿ ನಿಯಮದ ಪ್ರಕಾರ ಬಂದವನ ಪಾಲಿಗೆ ಅವು. ‘ನಾನೂ ಬಿಟ್ಟು ಬಂದಿದ್ದೀನಿ ಕಣೋ,’ ಅಂತ ಮಾವ ಒಂದು ಸಲ ಹೇಳಿದರು. ‘ಜಾಕ್ ಇಳಿಸಿ, ಸ್ಪ್ಯಾನರ್ ಎತ್ತಿಟ್ಟು, ಕೈ ಒರೆಸಿಕೊಂಡು ಹತ್ತಿದರೆ ಕಲ್ಲಿನ ನೆನಪು ಎಲ್ಲಿ ಬರುತ್ತೆ? ಮೂವತ್ತು ಮೈಲಿ ಹೋದಮೇಲೆ ಬಂತು. ವಾಪಸ್ ಹೋಗಲಿಲ್ಲ.’

ಲೇನಿನ ಅಗಲ ಮೂರೂವರೆ ಮೀಟರ್. ಲಾರಿಯ ಅಗಲ 2.6 ಮೀಟರಿನವರೆಗೆ. ಎರಡೂ ಬದಿಗೆ ಉಳಿಯುವುದು ಮೊಣಕೈಯಿಂದ ಬೆರಳತುದಿಯಷ್ಟು ಜಾಗ. ಅಷ್ಟರೊಳಗೆ ಕಲ್ಲು, ಕುರಿ, ಬೈಕು ಎಲ್ಲ ತಪ್ಪಿಸಬೇಕು. ಭಾರದ ಗಾಡಿಗಳೆಲ್ಲ ಅಲ್ಲೇ ಓಡಿ ಓಡಿ ಡಾಂಬರು ಎತ್ತಿನಗಾಡಿ ಜಾಡಿನ ಹಾಗೆ ಕುಳಿ ಬಿದ್ದಿರುತ್ತದೆ, ಸ್ಟೇರಿಂಗ್ ಎಳೆಯುತ್ತದೆ.

ಒಂದೊಂದು ಸಲ ಬ್ರೇಕ್ ಹಿಡಿದಾಗಲೂ ಗೇರು ಇಳಿಸಬೇಕು, ಮತ್ತೆ ಒಂದೊಂದಾಗಿ ಏರಿಸಬೇಕು. ತುಂಬಿದ ಲಾರಿ ಮತ್ತೆ ಅರವತ್ತು ಮುಟ್ಟಲು ಎಷ್ಟು ಡೀಸೆಲ್ ಕುಡಿಯುತ್ತದೆ ಅಂತ ಕಾರಿನವರಿಗೆ ಗೊತ್ತಾಗುವುದಿಲ್ಲ. ಮಾವನ ಓನರ್ ಒಂದು ಟ್ರಿಪ್ಪಿಗೆ ಇಷ್ಟು ಅಂತ ಲೆಕ್ಕ ಕಟ್ಟಿ ಡೀಸೆಲ್ ದುಡ್ಡು ಕೊಡುತ್ತಿದ್ದರು. ಜಾಸ್ತಿ ಆದರೆ ಬತ್ತಾದಲ್ಲಿ ಹಿಡಿಯುತ್ತಿದ್ದರು. ಲೇನಿನ ದಂಡವೂ ಅಲ್ಲಿಗೇ ಹೋಗುತ್ತದೆ. ನೋಟಿಸು ಓನರ್ ಹೆಸರಿಗೆ, ಕಡಿತ ಡ್ರೈವರ್ ಹೊಟ್ಟೆಗೆ.

ಆದರೆ ಮಾವನ ವಾದದಲ್ಲಿ ನನ್ನ ಬಾಯಿ ಕಟ್ಟಿದ್ದು ಇವು ಯಾವುವೂ ಅಲ್ಲ. ಕ್ಲೀನರ್ ವಿಷಯ.

ಲಾರಿಯಲ್ಲಿ ಡ್ರೈವರ್ ಕೂರುವುದು ಬಲಗಡೆ. ಬಲ ಲೇನಿಗೆ ಹೋಗುವಾಗ ತನ್ನ ಪಕ್ಕದ ಕನ್ನಡಿ, ತನ್ನ ಕಿಟಕಿ, ಎಲ್ಲಾ ಕಾಣುತ್ತದೆ. ವಾಪಸ್ ಎಡಕ್ಕೆ ಬರುವಾಗ? ಆ ಕಡೆ ಅವನು ಅರ್ಧ ಕುರುಡ. ಎತ್ತರದ ಕ್ಯಾಬಿನ್ನಿನ ಎಡ ಬಾಗಿಲಿನ ಕೆಳಗೆ ಬೈಕಿದ್ದರೂ ಗೊತ್ತಾಗುವುದಿಲ್ಲ, ಕಾರಿದ್ದರೂ ಗೊತ್ತಾಗುವುದಿಲ್ಲ. ಮೊದಲು ಆ ಕಣ್ಣು ಕ್ಲೀನರ್ ಆಗಿದ್ದ. ಎಡ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಹಿಂದೆ ನೋಡಿ, ಬಾಗಿಲ ತಗಡನ್ನು ಎರಡು ಸಲ ತಟ್ಟಿದರೆ ‘ಬಾ’. ಒಂದೇ ಸಲ ಜೋರಾಗಿ ಬಡಿದರೆ ‘ತಡಿ’. ಹಿಂದಿನವನಿಗೆ ಕೈ ಬೀಸಿ ನಿಲ್ಲಿಸುವವನೂ ಅವನೇ. ಈಗ ಕ್ಲೀನರ್ ಕೆಲಸಕ್ಕೆ ಹುಡುಗರು ಸಿಗುವುದಿಲ್ಲ. ಸಿಕ್ಕರೂ ಒಂದು ಸಂಬಳ ಉಳಿಯಲಿ ಅಂತ ಓನರುಗಳು ಬಿಟ್ಟರು. ಮಾವ ಕೊನೆಯ ಎಂಟು ವರ್ಷ ಒಬ್ಬರೇ ಓಡಿಸಿದರು.

‘ಬಲಕ್ಕೆ ಹೋಗೋದು ಸುಲಭ ಅಳಿಯಾ. ಎಡಕ್ಕೆ ಬರೋದೇ ಕಷ್ಟ. ಇಂಡಿಕೇಟರ್ ಹಾಕಿ ಎರಡು ಫರ್ಲಾಂಗ್ ಕಾದರೂ ನಿನ್ನಂಥ ಒಬ್ಬ ಪಿಕಪ್ಪಿನವನು ಆ ಗ್ಯಾಪಿನಲ್ಲಿ ತೂರಿರ್ತಾನೆ. ಒಂದು ಸಲ ಒಬ್ಬನನ್ನ ಉಜ್ಜಿದ್ದೆ. ಆಮೇಲೆ ಬಲಗಡೆನೇ ಇದ್ದುಬಿಡೋಣ ಅನ್ನಿಸ್ತು.’

ಎಡಗಡೆಯಿಂದ ನುಗ್ಗುವವರು ಹುಟ್ಟುವುದು ಬಲ ಲೇನಿನ ಲಾರಿಯಿಂದ ಅಂತ ನಾನು ಮೇಲೆ ಬರೆದಿದ್ದೇನೆ. ಬಲ ಲೇನಿನ ಲಾರಿ ಅಲ್ಲೇ ಉಳಿಯುವುದು ಎಡಗಡೆಯಿಂದ ನುಗ್ಗುವವರಿಂದ ಅಂತ ಮಾವ. ಕೋಳಿ ಮೊದಲೋ ಮೊಟ್ಟೆ ಮೊದಲೋ ನೀವೇ ಹೇಳಿ.

ಕ್ಯಾಮೆರಾ ಇದನ್ನು ಬಿಡಿಸುತ್ತದಾ? ಒಂದು ಕಂಬದ ಕ್ಯಾಮೆರಾ ತೆಗೆಯುವುದು ಒಂದು ಫೋಟೋ. ಬಲ ಲೇನಿನಲ್ಲಿ ಲಾರಿ ಇದೆ ಅಷ್ಟೇ. ಅವನು ದಾಟುತ್ತಿದ್ದನೋ, ಠಿಕಾಣಿ ಹೂಡಿದ್ದನೋ, ಎದುರಿಗೆ ಬಂದ ಬೈಕು ತಪ್ಪಿಸಿದ್ದನೋ? ಎರಡು ಮೂರು ಕಂಬಗಳಲ್ಲಿ ನೋಡಿ ತಾಳೆ ಹಾಕಬೇಕು ಅಂತ ನಾನು ಹೇಳಿದೆ. ‘ಹಾಗಾದರೆ ಎದುರು ಬಂದ ಬೈಕಿನ ಫೋಟೋನೂ ಬರುತ್ತಲ್ಲ, ಅವನಿಗೆ ಎಷ್ಟು?’ ಅಂದರು.

ಲೇನೇ ಇಲ್ಲದ ರಸ್ತೆಗಳೂ ಇವೆ. ಹುಬ್ಬಳ್ಳಿ–ಧಾರವಾಡ ಬೈಪಾಸ್ ವರ್ಷಗಟ್ಟಲೆ ಡಿವೈಡರ್ ಇಲ್ಲದ ಎರಡು ಪಥದ ರಸ್ತೆಯಾಗಿತ್ತು, ಅದರ ಎರಡೂ ತುದಿಗೆ ನಾಲ್ಕು ಪಥ. 2021ರ ಜನವರಿಯಲ್ಲಿ ಇಟಿಗಟ್ಟಿ ಹತ್ತಿರ ಟೆಂಪೋ ಟ್ರಾವೆಲರ್‌ಗೂ ಟಿಪ್ಪರಿಗೂ ಡಿಕ್ಕಿಯಾಯಿತು. ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಹೆಣ್ಣುಮಕ್ಕಳು ತುಂಬಿದ್ದ ಗಾಡಿ ಅದು. ಹತ್ತಕ್ಕೂ ಹೆಚ್ಚು ಜನ ಹೋದರು. ರಸ್ತೆ ಅಗಲ ಮಾಡುವ ಕೂಗು ಜೋರಾಗಿದ್ದು ಆಮೇಲೆ. ಮಾವ ಈ ಮಾತು ಎತ್ತಿದಾಗ ನಾನು ವಾದ ಮಾಡುವುದಿಲ್ಲ.

ಅವರು ಸೋಲುವುದು ಒಂದೇ ಕಡೆ, ಬಲ ಇಂಡಿಕೇಟರ್ ವಿಷಯದಲ್ಲಿ. ಎರಡು ಪಥದ ರಸ್ತೆಯಲ್ಲಿ ಲಾರಿಯವರು ಬಲ ಇಂಡಿಕೇಟರ್ ಹಾಕಿದರೆ ‘ಎದುರು ಯಾರೂ ಇಲ್ಲ, ಹೋಗು’ ಅಂತ ಅರ್ಥ. ಇದು ಡ್ರೈವರುಗಳ ಹಳೆಯ ಮರ್ಯಾದೆ, ಯಾವ ಕಾನೂನೂ ಕಲಿಸಿದ್ದಲ್ಲ ಅಂತ ಮಾವನಿಗೆ ಹೆಮ್ಮೆ. ಕಾನೂನು ಹೇಳಿದ್ದು ಬೇರೆ, ಡ್ರೈವರ್ ಬಲಗೈ ಹೊರಗೆ ಚಾಚಿ ಹಿಂದೆ ಮುಂದೆ ಬೀಸಬೇಕು ಅಂತ. ಕೈ ಹೊರಗೆ ಹಾಕುವ ತಾಪತ್ರಯ ಯಾಕೆ ಅಂತ ಇಂಡಿಕೇಟರ್ ಬಂತು. ಚಳ್ಳಕೆರೆ ರಸ್ತೆಯಲ್ಲಿ ಒಂದು ಲಾರಿ ಹೀಗೇ ಬಲ ಇಂಡಿಕೇಟರ್ ಹಾಕಿತು. ನನಗೆ ಸೈಡ್ ಕೊಟ್ಟ ಅಂತ ನುಗ್ಗಿದೆ. ಅವನು ನಿಜವಾಗಿಯೂ ಬಲಗಡೆ ಡಾಬಾಕ್ಕೆ ತಿರುಗುತ್ತಿದ್ದ! ಮಣ್ಣಿಗೆ ಇಳಿದು ಬದುಕಿದೆ. ಒಂದೇ ದೀಪಕ್ಕೆ ಎರಡು ಅರ್ಥ ಇರುವ ಮರ್ಯಾದೆ ನನಗೆ ಬೇಡ. ಮಾವ ಇದಕ್ಕೆ, ‘ನೀನು ಅವನ ಮುಂದಿನ ಚಕ್ರ ನೋಡಬೇಕಿತ್ತು,’ ಅನ್ನುತ್ತಾರೆ.

ಹೋದ ದೀಪಾವಳಿಗೆ ಅವರನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಬೆಂಗಳೂರಿಗೆ ಹೊರಟಿದ್ದೆ. ಕಳ್ಳಂಬೆಳ್ಳ ದಾಟಿದ ಮೇಲೆ ಒಂದು ಹದಿನಾಲ್ಕು ಚಕ್ರದ ಲಾರಿಯನ್ನು ಓವರ್‌ಟೇಕ್ ಮಾಡಿದೆ. ಮಾವ ಏನೂ ಹೇಳದೆ ಎಡ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಹಿಂದೆ ನೋಡಿದರು. ಬಾಗಿಲನ್ನು ಎರಡು ಸಲ ತಟ್ಟಿದರು. ಎಡಕ್ಕೆ ಬಂದೆ.

ಅರ್ಧ ಕಿಲೋಮೀಟರ್ ಕೂಡ ಆಗಿರಲಿಲ್ಲ. ಲೈಟಿನ ಬೆಳಕಿಗೆ ಮೂರು ಕಲ್ಲು, ಒಣಗಿದ ಹೊಂಗೆ ಕೊಂಬೆ ಕಂಡವು. ನಾನು ಬಲಕ್ಕೆ ತಿರುಗಿಸುವಷ್ಟರಲ್ಲಿ ಮಾವ, ‘ಮುಂದೆ ಹೋಗಿ ಓರೆಗೆ ನಿಲ್ಸು,’ ಅಂದರು. ಇಳಿದು, ಮೊಬೈಲ್ ಟಾರ್ಚ್ ಹಿಡಿದುಕೊಂಡು ಹಿಂದಕ್ಕೆ ನಡೆದು ಹೋದರು. ಕಲ್ಲು ಒಂದೊಂದೇ ಚರಂಡಿಗೆ ಬಿದ್ದ ಸದ್ದು ಕೇಳಿಸಿತು.