ಖುಷಿಯಾದಾಗಲೂ ನಿದ್ದೆಯ ಲೆಕ್ಕ

ಬೈಪೋಲಾರ್ ಅನ್ನೋ ಮನಸ್ಸಿನ ಕಾಯಿಲೆ ಇದೆ ಅಂದ ಕೂಡಲೇ ತುಂಬಾ ಜನ ಕೇಳೋದು, "ಅಂದ್ರೆ ಬೆಳಿಗ್ಗೆ ಖುಷಿ, ಸಂಜೆ ಬೇಜಾರು, ಹಂಗಾ?" ಅಂತ. ಹಂಗಲ್ಲ. ಅದು ಎಲ್ಲರಿಗೂ ಆಗುತ್ತದೆ. ಈ ಕಾಯಿಲೆಯಲ್ಲಿ ಮನಸ್ಸು ಏರಿದರೆ ದಿನಗಟ್ಟಲೆ, ವಾರಗಟ್ಟಲೆ ಏರಿಯೇ ಇರುತ್ತದೆ. ಇಳಿದರೆ ಕೆಲವೊಮ್ಮೆ ತಿಂಗಳುಗಟ್ಟಲೆ ಮೇಲೆ ಬರುವುದಿಲ್ಲ. ಹೀಗೆ ಮನಸ್ಸು ವಿಪರೀತ ಏರಿರುವುದಕ್ಕೆ ಮೇನಿಯಾ ಅನ್ನುತ್ತಾರೆ. ಡಾಕ್ಟರ್ ಲೆಕ್ಕದಲ್ಲಿ ಮೇನಿಯಾ ಅಂದರೆ ಸಾಮಾನ್ಯವಾಗಿ ಕನಿಷ್ಠ 7 ದಿನ, ಅದಕ್ಕಿಂತ ಹಗುರವಾದ ಹೈಪೋಮೇನಿಯಾಗೆ 4 ದಿನ, ಖಿನ್ನತೆಗೆ 2 ವಾರ. ಇವುಗಳ ಮಧ್ಯೆ ಎಲ್ಲರ ಹಾಗೆ ಆರಾಮಾಗಿರುವ ದಿನಗಳೂ ಇರುತ್ತವೆ. ನಾನು ಬರೆಯಬೇಕು ಅಂದುಕೊಂಡಿದ್ದು ಆ ದಿನಗಳ ಬಗ್ಗೆ. ಕಾಯಿಲೆ ಜೋರಾದಾಗ ಮನೆಯವರು, ಡಾಕ್ಟರು ಎಲ್ಲ ಓಡಿ ಬರುತ್ತಾರೆ. ಆರಾಮಾಗಿದ್ದಾಗ ನಮ್ಮನ್ನು ನಾವೇ ನೋಡಿಕೊಳ್ಳಬೇಕು. ಬೈಪೋಲಾರ್ ನಿಭಾಯಿಸುವ ಕೆಲಸ ಬಹುಪಾಲು ನಡೆಯುವುದೇ ಆಗ ಅಂತ ನನಗನಿಸುತ್ತದೆ.

ಆ ಕೆಲಸದಲ್ಲಿ ಮೊದಲನೆಯದು ನಿದ್ದೆ. ಎರಡನೆಯದೂ ನಿದ್ದೆಯೇ ಅಂದರೂ ತಪ್ಪಿಲ್ಲ.

ರಾತ್ರಿಯೆಲ್ಲ ಹೊರಳಾಡಿ ಮರುದಿನ ಸುಸ್ತಾಗಿ ಕೂರುವುದು ಒಂದು ಥರ. ಮೂರೇ ಗಂಟೆ ಮಲಗಿ, ಕಣ್ಣು ಬಿಟ್ಟ ಕೂಡಲೇ ಬೆಟ್ಟ ಹತ್ತಿ ಬರೋಣ ಅನ್ನುವಷ್ಟು ಚುರುಕಾಗಿರುವುದು ಇನ್ನೊಂದು ಥರ. ನಾವು ಹೆದರಬೇಕಾದದ್ದು ಎರಡನೆಯದಕ್ಕೆ. ಮೇನಿಯಾ ಬರುವಾಗ ನಿದ್ದೆ ಕಮ್ಮಿಯಾಗುತ್ತದೆ. ಉಲ್ಟಾನೂ ನಿಜ, ನಿದ್ದೆ ಕೆಟ್ಟರೆ ಮೇನಿಯಾ ಬರಬಹುದು. ರಾತ್ರಿ ಪ್ರಯಾಣ, ನೈಟ್ ಶಿಫ್ಟ್, ಪರೀಕ್ಷೆಗೆ ರಾತ್ರಿಯಿಡೀ ಓದುವುದು, ಇವೆಲ್ಲ ಬೇರೆಯವರಿಗೆ ಒಂದು ದಿನದ ಸುಸ್ತು. ನಮಗೆ ಅಷ್ಟಕ್ಕೇ ನಿಲ್ಲದೇ ಇರಬಹುದು. ಹೆರಿಗೆಯಾದ ಮೇಲಿನ ವಾರಗಳಂತೂ ಬೈಪೋಲಾರ್ ಇರುವ ಹೆಂಗಸರಿಗೆ ತುಂಬಾ ಸೂಕ್ಷ್ಮ. ಅದರ ಬಗ್ಗೆ ಡಾಕ್ಟರ್ ಹತ್ತಿರ ಮೊದಲೇ ಮಾತಾಡಿಕೊಂಡಿರಬೇಕು.

ಅಮೆರಿಕದ ಮನಃಶಾಸ್ತ್ರಜ್ಞೆ ಎಲೆನ್ ಫ್ರಾಂಕ್ ಮತ್ತು ಅವರ ಜೊತೆಯವರು ದಿನಚರಿಯನ್ನೇ ನಂಬಿ ಒಂದು ಚಿಕಿತ್ಸೆ ರೂಪಿಸಿದ್ದಾರೆ. ಹಾಸಿಗೆಯಿಂದ ಏಳುವ ಹೊತ್ತು, ಮೊದಲ ಸಲ ಇನ್ನೊಬ್ಬರ ಜೊತೆ ಮಾತಾಡುವ ಹೊತ್ತು, ಕೆಲಸ ಶುರು ಮಾಡುವ ಹೊತ್ತು, ರಾತ್ರಿ ಊಟದ ಹೊತ್ತು, ಮಲಗುವ ಹೊತ್ತು. ಈ ಐದೂ ದಿನಾ ಹೆಚ್ಚುಕಮ್ಮಿ ಒಂದೇ ಸಮಯಕ್ಕೆ ಆಗಬೇಕು. ಭಾನುವಾರ ಕೂಡ. ಹಾಸ್ಟೆಲ್ ವಾರ್ಡನ್ ಮಾತು ಕೇಳಿದ ಹಾಗಿದೆ ಅಲ್ವಾ? ನನಗೂ ಹಾಗೇ ಅನಿಸಿತ್ತು. ಈಗ ಹತ್ತೂವರೆಗೆ ದೀಪ ಆರಿಸುವವರಲ್ಲಿ ನಾನೂ ಒಬ್ಬ. ಪಾರ್ಟಿಯಿಂದ ಮಧ್ಯದಲ್ಲೇ ಎದ್ದು ಬಂದರೆ ಯಾರೋ ನಗುತ್ತಾರೆ. ನಗಲಿ ಬಿಡಿ.

ಒಂದು ಸಣ್ಣ ನೋಟ್‌ಬುಕ್ ಇಟ್ಟಿದ್ದೇನೆ. ತಾರೀಖು, ಎಷ್ಟು ಗಂಟೆ ನಿದ್ದೆ, ಮೂಡ್‌ಗೆ ಮೈನಸ್ 3ರಿಂದ ಪ್ಲಸ್ 3ರ ಒಳಗೆ ಒಂದು ನಂಬರ್, ಮಾತ್ರೆ ತಗೊಂಡಿದ್ದಕ್ಕೆ ಒಂದು ಟಿಕ್. ಅದರಲ್ಲಿ ಒಂದು ಹಳೇ ಪುಟ ಹೀಗಿದೆ. ಮೊದಲ ಸಾಲಿನಲ್ಲಿ ನಿದ್ದೆ 7, ಮೂಡ್ 0. ಅದರ ಕೆಳಗೆ ನಿದ್ದೆ ಐದೂವರೆ, ಮೂಡ್ ಪ್ಲಸ್ 1, ಪಕ್ಕದಲ್ಲಿ "ಹೊಸ ಐಡಿಯಾ, ನಾಳೆಯೇ ಶುರು ಮಾಡಬೇಕು." ಅದರ ಕೆಳಗೆ ನಿದ್ದೆ 4. ಮೂಡ್ ಜಾಗ ಖಾಲಿ. ಬರವಣಿಗೆ ದಪ್ಪಗಾಗಿ, ಓರೆಯಾಗಿ, ಗೆರೆ ದಾಟಿ ಅಂಚಿನವರೆಗೂ ಹೋಗಿದೆ. ಡಾಕ್ಟರಿಗೆ ತೋರಿಸಿದಾಗ ಅವರು ನಂಬರ್ ಬಿಟ್ಟು ಅಕ್ಷರವನ್ನೇ ನೋಡುತ್ತಾ ಕೂತರು.

ಈ ಕಾಯಿಲೆಯಲ್ಲಿ ನನಗೆ ಜಾಸ್ತಿ ಕಿರಿಕಿರಿ ಅನಿಸೋದು ಖುಷಿಯ ಮೇಲಿನ ಅನುಮಾನ. ಬೇರೆಯವರಿಗೆ ಒಳ್ಳೇ ಸುದ್ದಿ ಬಂದರೆ ಖುಷಿಪಡುತ್ತಾರೆ, ಅಲ್ಲಿಗೆ ಮುಗಿಯಿತು. ನಾವು ಖುಷಿಪಟ್ಟು, ಆಮೇಲೆ ಇದು ಬರೀ ಖುಷಿಯೋ, ಅಥವಾ ಶುರುವಾಯ್ತೋ ಅಂತ ನೋಡಿಕೊಳ್ಳಬೇಕು. ನಾನು ನೋಡುವುದು ಸಣ್ಣ ಸಣ್ಣ ವಿಷಯ. ಮಲಗುವ ಹೊತ್ತಿಗೆ ನಿದ್ದೆ ಬಂತಾ? ಯಾರಾದರೂ ಮಧ್ಯೆ ಮಾತಾಡಿದರೆ ತಡಕೊಳ್ಳೋಕೆ ಆಗ್ತಿದೆಯಾ? ಈ ಕೆಲಸ ನಾಳೆಗೆ ಇಟ್ಟುಕೋ ಅಂದರೆ ಸರಿ ಅನ್ನೋಕೆ ಆಗುತ್ತಾ? ಬರೀ ಖುಷಿಯಾದರೆ ನಾಳೆಯವರೆಗೂ ಕಾಯುತ್ತದೆ. ಮೇನಿಯಾ ಕಾಯುವುದಿಲ್ಲ. ದುಡ್ಡಿನ ವಿಷಯಕ್ಕೂ ಇದೇ ನಿಯಮ. ದೊಡ್ಡ ಖರ್ಚು ಏನಿದ್ದರೂ ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಿದ ಮೇಲೂ ಬೇಕು ಅನಿಸಿದರೆ ಮಾತ್ರ. ಕಾರ್ಡಿನ ಮಿತಿಯನ್ನು ಆರಾಮಾಗಿದ್ದಾಗಲೇ ಕಮ್ಮಿ ಮಾಡಿಸಿಟ್ಟಿದ್ದೇನೆ.

ಮಾತ್ರೆಗೆ ಬರೋಣ. "ಇನ್ನೂ ಎಷ್ಟು ದಿನ ತಗೋತೀಯಾ, ಈಗ ಚೆನ್ನಾಗೇ ಇದ್ದೀಯಲ್ಲ" ಅನ್ನುವವರಿಗೆ ಬರವಿಲ್ಲ. ಚೆನ್ನಾಗಿರೋದೇ ಮಾತ್ರೆಯಿಂದ ಅಂತ ಹೇಳಿ ಹೇಳಿ ಸಾಕಾಗಿದೆ. ಲಿಥಿಯಂ ಮೇನಿಯಾವನ್ನು ತಹಬದಿಗೆ ತರುತ್ತದೆ ಅಂತ 1949ರಲ್ಲಿ ಬರೆದವರು ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್. ಇವತ್ತಿಗೂ ಅದು ಮುಖ್ಯ ಔಷಧಿ. ಆತ್ಮಹತ್ಯೆಯ ಅಪಾಯ ಕಮ್ಮಿ ಮಾಡುವುದರಲ್ಲೂ ಅದಕ್ಕೆ ಹೆಸರಿದೆ. ಆದರೆ ಸಸಾರದ ಔಷಧಿ ಅಲ್ಲ. ರಕ್ತದಲ್ಲಿ ಅದರ ಮಟ್ಟ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್, ಕೆಲವರಿಗೆ 1.0ವರೆಗೂ ಇಡುತ್ತಾರೆ. 1.5 ದಾಟಿದರೆ ವಿಷ. ಅದಕ್ಕೇ ರಾತ್ರಿ ಮಾತ್ರೆ ತಗೊಂಡು 12 ಗಂಟೆ ಆದ ಮೇಲೆ ರಕ್ತ ಕೊಡಬೇಕು, ಬೆಳಿಗ್ಗೆಯ ಮಾತ್ರೆ ಇದ್ದರೆ ರಕ್ತ ಕೊಟ್ಟ ಮೇಲೇ ನುಂಗಬೇಕು. ಕಿಡ್ನಿ, ಥೈರಾಯ್ಡ್ ಕೂಡ ಆಗಾಗ ನೋಡಿಸಬೇಕು. ವಾಂತಿ ಭೇದಿಯಾಗಿ ಮೈಯಲ್ಲಿ ನೀರು ಕಮ್ಮಿಯಾದರೆ ಮಟ್ಟ ಏರುತ್ತದೆ. ಐಬುಪ್ರೊಫೆನ್ ಥರದ ನೋವಿನ ಮಾತ್ರೆಯಿಂದಲೂ ಏರುತ್ತದೆ. ಡಯಟ್ ಅಂತ ಒಮ್ಮೆಲೇ ಉಪ್ಪು ಬಿಟ್ಟರೂ ಏರುತ್ತದೆ. ಕೈ ಜೋರಾಗಿ ನಡುಗುವುದು, ನಡೆಯುವಾಗ ಓಲಾಡುವುದು, ಮಾತು ತೊದಲುವುದು ಕಂಡರೆ ನೇರ ಆಸ್ಪತ್ರೆಗೆ.

ಎಲ್ಲರಿಗೂ ಲಿಥಿಯಂ ಕೊಡುವುದಿಲ್ಲ. ವಾಲ್ಪ್ರೋಯೇಟ್ ಇದೆ, ಆದರೆ ಬಸುರಿಯಾಗಿದ್ದಾಗ ತಗೊಂಡರೆ ಮಗುವಿಗೆ ತೊಂದರೆ. ಲಾಮೋಟ್ರಿಜಿನ್ ಇದೆ, ಅದನ್ನು ನಿಧಾನಕ್ಕೆ ಏರಿಸಬೇಕು, ಮೈಮೇಲೆ ಗುಳ್ಳೆ ಎದ್ದರೆ ತಕ್ಷಣ ಡಾಕ್ಟರಿಗೆ ತೋರಿಸಬೇಕು. ಕ್ವೆಟಿಯಾಪಿನ್‌ನಿಂದ ತೂಕ ಏರುತ್ತದೆ, ಬೆಳಿಗ್ಗೆ ಮಂಪರು ಬಿಡುವುದಿಲ್ಲ. ಇದನ್ನೆಲ್ಲ ಮುಚ್ಚಿಟ್ಟು "ಸುಮ್ನೆ ತಗೊಳ್ಳಿ" ಅನ್ನೋದು ಸರಿಯಲ್ಲ. ತೊಂದರೆ ಆದರೆ ಡೋಸ್ ಬದಲಿಸಬಹುದು, ಮಾತ್ರೆಯನ್ನೇ ಬದಲಿಸಬಹುದು. ನಾವೇ ದಿಢೀರ್ ಅಂತ ನಿಲ್ಲಿಸಿದರೆ ಮಾತ್ರ, ಅದರಲ್ಲೂ ಲಿಥಿಯಂ ನಿಲ್ಲಿಸಿದರೆ, ಕಾಯಿಲೆ ಬೇಗ ಮರಳಿ ಬರುವ ಅಪಾಯ ಜಾಸ್ತಿ.

ಇನ್ನು ಮನೆಯವರು. ಪಾತ್ರೆ ತೊಳೆಯೋದು ಯಾರು ಅಂತ ಜಗಳ ಆಗುತ್ತದೆ, ನಾನು ಸ್ವಲ್ಪ ದನಿ ಎತ್ತುತ್ತೇನೆ, ಕೂಡಲೇ "ಮಾತ್ರೆ ತಗೊಂಡ್ಯಾ?" ನನಗೆ ನಿಜಕ್ಕೂ ಕೋಪ ಬಂದಿರಬಹುದು ಮಾರಾಯ್ರೇ! ಬೈಪೋಲಾರ್ ಇರುವವರಿಗೂ ಜಗಳ ಆಡುವ ಹಕ್ಕಿದೆ. ಆದರೆ ಮನೆಯವರ ಭಯವೂ ಸುಳ್ಳಲ್ಲ. ಮೇನಿಯಾ ಬರುವಾಗ ನಮಗಿಂತ ಮೊದಲು ಅವರಿಗೇ ಗೊತ್ತಾಗುತ್ತದೆ. ಅದಕ್ಕೆ ಅಕ್ಕನೂ ನಾನೂ ಒಂದು ಒಪ್ಪಂದ ಮಾಡಿಕೊಂಡೆವು. ಮಾತ್ರೆಯ ಪ್ರಶ್ನೆ ಇಲ್ಲ. ಅನುಮಾನ ಬಂದರೆ ಅವಳು "ನಿನ್ನೆ ಎಷ್ಟು ಹೊತ್ತು ಮಲಗಿದ್ದೆ?" ಅಂತ ಕೇಳಬೇಕು, ನಾನು ನೋಟ್‌ಬುಕ್ ತೆಗೆದು ತೋರಿಸಬೇಕು. ಎರಡು ರಾತ್ರಿ ಐದು ಗಂಟೆಗಿಂತ ಕಮ್ಮಿ ಇದ್ದರೆ ಅವಳೇ ಡಾಕ್ಟರಿಗೆ ಫೋನ್ ಮಾಡಬಹುದು, ನಾನು ಬೇಡ ಅಂದರೂ. ಆರಾಮಾಗಿದ್ದಾಗಲೇ ಬರೆದು ಸಹಿ ಹಾಕಿ ಕೊಟ್ಟಿದ್ದೇನೆ. ಮೇನಿಯಾದಲ್ಲಿರುವವನ ಹತ್ತಿರ ವಾದ ಮಾಡಿ ಗೆದ್ದವರನ್ನು ನಾನಂತೂ ನೋಡಿಲ್ಲ.

ಮೇನಿಯಾದ ಕಥೆಗಳೇ ಜಾಸ್ತಿ ಓಡಾಡುತ್ತವೆ. ಆದರೆ ಬೈಪೋಲಾರ್ ಇರುವ ಹೆಚ್ಚಿನವರು ಜಾಸ್ತಿ ಕಾಲ ಕಳೆಯುವುದು ಖಿನ್ನತೆಯಲ್ಲಿ. ಆ ದಿನಗಳಲ್ಲಿ "ಮನಸ್ಸು ಗಟ್ಟಿ ಮಾಡ್ಕೋ" ಅನ್ನಬೇಡಿ, ದಯವಿಟ್ಟು. ಎದ್ದು ಕಿಟಕಿ ಪಕ್ಕ ಕೂತರೆ ಅವತ್ತಿಗೆ ಅದೇ ದೊಡ್ಡ ಕೆಲಸ. ಸಾಯುವ ಯೋಚನೆ ಬಂದರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬಾರದು. ಅವತ್ತೇ ಒಬ್ಬರಿಗೆ ಹೇಳಬೇಕು, ಅವತ್ತೇ ಆಸ್ಪತ್ರೆಗೆ ಹೋಗಬೇಕು.

"ನಮ್ಮ ತಮ್ಮನಿಗೂ ಇದೇ ಇರಬಹುದಾ?" ಅಂತ ಇನ್‌ಬಾಕ್ಸ್‌ಗೆ ಬರುತ್ತೀರಿ. ಅದನ್ನು ಹೇಳಬೇಕಾದವರು ಡಾಕ್ಟರು. ಆದರೆ ಒಂದು ಮಾತು. ಮನಸ್ಸು ಇಳಿದಾಗಷ್ಟೇ ಜನ ಡಾಕ್ಟರ್ ಹತ್ತಿರ ಹೋಗುತ್ತಾರೆ. ಏರಿದಾಗ ಯಾರು ಹೋಗುತ್ತಾರೆ ಹೇಳಿ, ಅಷ್ಟು ಚೆನ್ನಾಗಿರುತ್ತದಲ್ಲ! ಹಾಗಾಗಿ ಬರೀ ಖಿನ್ನತೆ ಅಂತ ತಿಳಿದು ಅದರ ಮಾತ್ರೆಯನ್ನಷ್ಟೇ ಕೊಟ್ಟರೆ, ಕೆಲವರಿಗೆ ಅದೇ ಮೇನಿಯಾಗೆ ದಾರಿ ಮಾಡಬಹುದು. ತಮ್ಮನ ಜೊತೆ ನೀವೂ ಹೋಗಿ. ಅವನು ಮಂಕಾಗಿ ಕೂತಿದ್ದನ್ನು ಅವನೇ ಹೇಳುತ್ತಾನೆ. ಕಳೆದ ವರ್ಷ ಒಂದು ವಾರ ನಿದ್ದೆಯೇ ಇಲ್ಲದೆ ಮನೆ ತುಂಬಾ ಓಡಾಡಿಕೊಂಡು ಹಾಡು ಹೇಳುತ್ತಿದ್ದನಲ್ಲ, ಅದನ್ನು ನೀವು ಹೇಳಿ.