ಸಿಪ್ಪೆ ಏಳುವ ಮುಖಕ್ಕೆ ಎಣ್ಣೆ ಹಚ್ಚಬೇಡಿ

ಮೂಗಿನ ಎರಡೂ ಪಕ್ಕದ ಮಡಿಕೆಯಲ್ಲಿ, ಹುಬ್ಬಿನೊಳಗೆ, ಕಿವಿಯ ಹಿಂದೆ ಸಿಪ್ಪೆ ಏಳುತ್ತಿದೆಯೇ? ಜೊತೆಗೆ ತಲೆಯಲ್ಲೂ ಹೊಟ್ಟು ಇದೆಯೇ? ಹಾಗಾದರೆ ಅದು ಬರೀ ಒಣ ಚರ್ಮವಲ್ಲ. ಒಣ ಚರ್ಮ ಸಾಮಾನ್ಯವಾಗಿ ಕೆನ್ನೆಯಲ್ಲಿ, ಮೊಣಕಾಲ ಕೆಳಗೆ, ಕೈಯ ಮೇಲೆ ಬಿರಿಯುತ್ತದೆ, ಬಿಗಿದುಕೊಂಡಂತೆ ಅನಿಸುತ್ತದೆ. ಜಿಡ್ಡು ಹೆಚ್ಚು ಒಸರುವ ಜಾಗಗಳನ್ನೇ ಹುಡುಕಿಕೊಂಡು ಕೆಂಪಾಗಿ, ಹಳದಿ ಮಿಶ್ರಿತ ಸಿಪ್ಪೆ ಏಳಿಸುವುದು ಸೆಬೊರಿಕ್ ಡರ್ಮಟೈಟಿಸ್. ತಲೆಹೊಟ್ಟು ಅದರದ್ದೇ ಸೌಮ್ಯ ರೂಪ. ಇದು ಗೊತ್ತಿಲ್ಲದೆ ಎಷ್ಟೋ ಜನ ಮುಖಕ್ಕೊಂದು ಕ್ರೀಮು, ತಲೆಗೊಂದು ಎಣ್ಣೆ, ಕಲೆಗೆ ಇನ್ನೊಂದು ಎಂದು ವರ್ಷಗಟ್ಟಲೆ ಹಚ್ಚುತ್ತಲೇ ಇರುತ್ತಾರೆ. ಬೇರಿಗೆ ಮಾತ್ರ ಯಾರೂ ಕೈ ಹಾಕುವುದಿಲ್ಲ.

ಬೇರು ಯಾವುದು? ಮಲಾಸೀಜಿಯಾ ಎಂಬ ಯೀಸ್ಟ್, ಅಂದರೆ ಕಣ್ಣಿಗೆ ಕಾಣದ ಒಂದು ಬಗೆಯ ಶಿಲೀಂಧ್ರ. ಇದು ಎಲ್ಲರ ಚರ್ಮದ ಮೇಲೂ ಇರುತ್ತದೆ, ಕೊಳಕಿನಿಂದ ಬರುವಂಥದ್ದಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವ ಕಾಯಿಲೆಯೂ ಅಲ್ಲ. ತನಗೆ ಬೇಕಾದ ಕೊಬ್ಬಿನಾಮ್ಲವನ್ನು ಅದು ತಾನೇ ತಯಾರಿಸಿಕೊಳ್ಳಲಾರದು, ನಮ್ಮ ಚರ್ಮದ ಜಿಡ್ಡನ್ನು ಒಡೆದು ತಿನ್ನುತ್ತದೆ. ತಿಂದು ಉಳಿಸಿದ ಓಲಿಯಿಕ್ ಆಮ್ಲ ಕೆಲವರ ಚರ್ಮವನ್ನು ಕೆರಳಿಸುತ್ತದೆ. ಕೆರಳಿದ ಚರ್ಮದ ಕೋಶಗಳು ಪೂರ್ತಿ ಬಲಿಯುವ ಮೊದಲೇ ಗುಂಪಾಗಿ ಕಳಚಿಕೊಳ್ಳುತ್ತವೆ. ನಮ್ಮ ಕಣ್ಣಿಗೆ ಕಾಣುವ ಹೊಟ್ಟು ಅದೇ. ಇಂಥ ಚರ್ಮಕ್ಕೆ ಆಲಿವ್ ಎಣ್ಣೆ ಹಚ್ಚಿದರೆ ಯೀಸ್ಟ್‌ಗೆ ಊಟವನ್ನೂ ಬಡಿಸಿ, ಚರ್ಮ ಕೆರಳಿಸುವ ಆಮ್ಲವನ್ನೂ ಸುರಿದ ಹಾಗೆ, ಏಕೆಂದರೆ ಆ ಎಣ್ಣೆಯ ಬಹುಪಾಲು ಓಲಿಯಿಕ್ ಆಮ್ಲವೇ. ಹಚ್ಚಿದ ದಿನ ಸಿಪ್ಪೆ ಒದ್ದೆಯಾಗಿ ಅಂಟಿಕೊಂಡು ಕಾಣದಾಗುತ್ತದೆ, ವಾಸಿಯಾಯಿತು ಎನಿಸುತ್ತದೆ. ನಾಲ್ಕು ದಿನ ಕಳೆದರೆ ಮತ್ತೆ ಶುರು.

ತಲೆಗೆ ಮೊದಲ ಆಯ್ಕೆ ಯೀಸ್ಟನ್ನು ಹತ್ತಿಕ್ಕುವ 2% ಕೀಟೋಕೊನಜೋಲ್ ಶಾಂಪೂ, ವಾರಕ್ಕೆ 2 ಸಲ, 4 ವಾರ. ಇದು ಕೆಲಸ ಮಾಡಲಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಎಡವುವುದು ಹಚ್ಚುವ ವಿಧಾನದಲ್ಲೇ. ಕೂದಲಿಗೆ ನೊರೆ ಬರಿಸಿ ಅರ್ಧ ನಿಮಿಷದಲ್ಲಿ ತೊಳೆದರೆ ಔಷಧಿ ಚರಂಡಿಗೆ ಹೋಯಿತು ಅಷ್ಟೆ. ಜಿಡ್ಡು ಹೆಚ್ಚಿದ್ದರೆ ಮೊದಲು ಸಾದಾ ಶಾಂಪೂವಿನಿಂದ ತೊಳೆಯಿರಿ. ಆಮೇಲೆ ಬೈತಲೆ ಬೈತಲೆಯಾಗಿ ಕೂದಲು ಬಿಡಿಸಿ, ಬೆರಳ ತುದಿಯಿಂದ (ಉಗುರಿನಿಂದ ಬೇಡ) ನೆತ್ತಿಯ ಚರ್ಮಕ್ಕೇ ಮುಟ್ಟಿಸಿ. ಗಡಿಯಾರ ನೋಡಿಕೊಂಡು 5 ನಿಮಿಷ ಬಿಡಿ. ಕೊನೆಯ ಒಂದೆರಡು ನಿಮಿಷ ಅದೇ ನೊರೆಯನ್ನು ಕಣ್ಣು ಮುಚ್ಚಿಕೊಂಡು ಹುಬ್ಬು, ಗಡ್ಡ, ಕಿವಿಯ ಹಿಂಭಾಗಕ್ಕೂ ಹಚ್ಚಬಹುದು. ಕೂದಲು ಒರಟಾದರೆ ಕಂಡೀಷನರನ್ನು ತುದಿಗಳಿಗೆ ಮಾತ್ರ ಹಾಕಿ. ಹೊಟ್ಟು ದಪ್ಪ ಹಕ್ಕಳೆಯಾಗಿ ಕೂತಿದ್ದರೆ ಔಷಧಿ ಚರ್ಮದವರೆಗೆ ಇಳಿಯುವುದೇ ಇಲ್ಲ. ಅಂಥವರು ಮೊದಲ ಕೆಲವು ಸಲ ಸ್ಯಾಲಿಸಿಲಿಕ್ ಆಮ್ಲವಿರುವ ಶಾಂಪೂವಿನಿಂದ ಅದನ್ನು ಸಡಿಲಿಸಿಕೊಳ್ಳಬೇಕು.

ನಾಲ್ಕು ವಾರಕ್ಕೆ ತಲೆ ಚೊಕ್ಕಟವಾಗುತ್ತದೆ, ಅಲ್ಲೇ ನಿಲ್ಲಿಸಿಬಿಡುತ್ತಾರೆ. ಯೀಸ್ಟ್ ಎಲ್ಲಿಗೂ ಹೋಗಿರುವುದಿಲ್ಲ. ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಅದೇ ಶಾಂಪೂ ಮುಂದುವರಿಯಲೇಬೇಕು. ಇದು ಒಮ್ಮೆ ಗುಣವಾಗಿ ಮುಗಿಯುವ ತೊಂದರೆಯಲ್ಲ, ಹತೋಟಿಯಲ್ಲಿ ಇಟ್ಟುಕೊಳ್ಳುವಂಥದ್ದು. ಒಗ್ಗದಿದ್ದರೆ 1% ಜಿಂಕ್ ಪೈರಿಥಿಯೋನ್ ಅಥವಾ ಸೆಲೆನಿಯಂ ಸಲ್ಫೈಡ್‌ಗೆ ಬದಲಿಸಬಹುದು. ಸೆಲೆನಿಯಂ ಮಾತ್ರ ನರೆತ ಅಥವಾ ಬಣ್ಣ ಹಚ್ಚಿದ ಕೂದಲಿನ ಬಣ್ಣ ಕೆಡಿಸಬಹುದು.

ಮುಖಕ್ಕೆ ಸೋಪಲ್ಲದ ಮೃದು ಕ್ಲೆನ್ಸರ್, ಉಗುರುಬೆಚ್ಚಗಿನ ನೀರು. ಸಿಪ್ಪೆ ಎದ್ದ ಜಾಗಕ್ಕೆ 2% ಕೀಟೋಕೊನಜೋಲ್ ಕ್ರೀಮು ತೆಳ್ಳಗೆ, ದಿನಕ್ಕೆ ಒಂದೆರಡು ಸಲ, 2ರಿಂದ 4 ವಾರ. ಅದರ ಮೇಲೆ ಗ್ಲಿಸರಿನ್ ಇರುವ, ಎಣ್ಣೆಯಿಲ್ಲದ ಮಾಯಿಶ್ಚರೈಸರ್. ಸ್ಕ್ರಬ್ ಹಾಕಿ ಉಜ್ಜಬೇಡಿ, ಸಿಪ್ಪೆ ಕೀಳಬೇಡಿ. ಪ್ರತಿ ಉಜ್ಜಿಗೂ ಚರ್ಮ ಕಲೆಯ ರೂಪದಲ್ಲಿ ಲೆಕ್ಕ ಬರೆದಿಡುತ್ತದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕ್ಲೋಬೆಟಸೋಲ್, ಬೀಟಾಮೆಥಸೋನ್, ಮೊಮೆಟಸೋನ್ ಇವೆಲ್ಲ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಕ್ರೀಮುಗಳು. ಹಚ್ಚಿದ ಎರಡೇ ದಿನಕ್ಕೆ ಸಿಪ್ಪೆ ಮಾಯ, ಮುಖ ಬೆಳ್ಳಗೆ. ಅದಕ್ಕೇ ಜನ ಬಿಡುವುದಿಲ್ಲ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳ ಎದ್ದು ಕಾಣುತ್ತದೆ, ಮೊಡವೆ ಏಳುತ್ತದೆ, ಮುಖದಲ್ಲಿ ಕೂದಲು ಬೆಳೆಯುತ್ತದೆ, ಬಿಟ್ಟ ಕೂಡಲೇ ಮುಖವೆಲ್ಲ ಉರಿಯುತ್ತದೆ. ಕೈಯಲ್ಲಿರುವ ಟ್ಯೂಬಿನ ಹಿಂಬದಿ ಓದಿ, ದಯವಿಟ್ಟು. ಈಗಾಗಲೇ ಬಹಳ ಕಾಲದಿಂದ ಹಚ್ಚುತ್ತಿದ್ದರೆ ನೀವಾಗಿ ಥಟ್ಟನೆ ನಿಲ್ಲಿಸದೆ ಚರ್ಮವೈದ್ಯರನ್ನು ಕಾಣಿ. ಉರಿಯೂತ ಜೋರಿದ್ದಾಗ ವೈದ್ಯರೇ 1% ಹೈಡ್ರೋಕಾರ್ಟಿಸೋನ್ ಬರೆದುಕೊಡುವುದುಂಟು, ಅದೂ ಕೆಲವೇ ದಿನಕ್ಕೆ.

ಕಪ್ಪು ಕಲೆಯ ಸರದಿ ಇದಾದ ಮೇಲೆ. ಉರಿಯೂತ ಆರದೆ ಕಲೆಗೆ ಮದ್ದು ಮಾಡುವುದು ಒಲೆ ಉರಿಯುತ್ತಿರುವಾಗಲೇ ಮಸಿ ಒರೆಸಿದ ಹಾಗೆ. ಗಾಯ, ಮೊಡವೆ, ಕೆರೆತದಿಂದ ಉಳಿದ ಕಲೆ ತಿಂಗಳುಗಳಲ್ಲಿ ತಾನಾಗಿಯೇ ತಿಳಿಯಾಗುತ್ತದೆ, ಬಿಸಿಲು ತಾಕದಿದ್ದರೆ. ಕೆನ್ನೆ, ಹಣೆಯ ಎರಡೂ ಬದಿ ಒಂದೇ ಥರ ಹರಡುವ ಬಂಗು ಮೊಂಡು, ಹೋಗಿ ಹೋಗಿ ಮರಳುತ್ತದೆ. ಎರಡಕ್ಕೂ ಅಡಿಪಾಯ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್. ತೋರುಬೆರಳು, ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಹಿಂಡಿದರೆ ಮುಖ, ಕತ್ತಿಗೆ ಸರಿಯಾದ ಅಳತೆ. ಹೊರಗಿದ್ದರೆ 2 ಗಂಟೆಗೊಮ್ಮೆ ಮತ್ತೆ. ಬಂಗು ಇರುವವರಿಗೆ ಐರನ್ ಆಕ್ಸೈಡ್ ಇರುವ, ಬಣ್ಣದ ಸನ್‌ಸ್ಕ್ರೀನ್ ಮೇಲು, ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಗಾಢ ಮಾಡುತ್ತದೆ. ನಂತರ ಕಲೆ ತಿಳಿಯಾಗಿಸುವ ಅಜಿಲಾಯಿಕ್ ಆಮ್ಲದ ಕ್ರೀಮು, 15ರಿಂದ 20%, ಕನಿಷ್ಠ 3 ತಿಂಗಳ ತಾಳ್ಮೆ. ಕಲೆ ತಿಳಿಯಾಗಿಸುವ ಇನ್ನೊಂದು ಔಷಧಿ ಹೈಡ್ರೋಕ್ವಿನೋನ್ ವೈದ್ಯರ ಕಣ್ಗಾವಲಿನಲ್ಲಿ ಮಾತ್ರ, ವರ್ಷಗಟ್ಟಲೆ ಹಚ್ಚಿದರೆ ಅದೇ ಚರ್ಮವನ್ನು ನೀಲಿಗಪ್ಪು ಮಾಡಬಲ್ಲದು. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟ ಗುಳ್ಳೆ ಏಳುತ್ತದೆ.

ಇನ್ನು ಕೂದಲು. ಹೊಟ್ಟಿನಿಂದ ತಲೆ ಬೋಳಾಗುವುದಿಲ್ಲ, ಆದರೆ ಉರಿಯೂತ, ಕೆರೆತದಿಂದ ಉದುರುವುದು ಹೆಚ್ಚಬಹುದು. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಹಿಡಿ ಹಿಡಿಯಾಗಿ ಬರುತ್ತಿದ್ದರೆ 2-3 ತಿಂಗಳು ಹಿಂದಕ್ಕೆ ನೋಡಿ: ಜೋರು ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ಅವಸರದ ಡಯಟ್? ಇವುಗಳಿಂದಾದ ಉದುರುವಿಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನೇ ನಿಲ್ಲುತ್ತದೆ. ಬೈತಲೆ ಅಗಲವಾಗುವುದು, ಹಣೆಯ ಮೂಲೆ ಹಿಂದೆ ಸರಿಯುವುದು ಬೇರೆ ಕಥೆ, ಅದಕ್ಕೆ ನೆತ್ತಿಗೆ ಹಚ್ಚುವ ಕೂದಲು ಬೆಳೆಸುವ ಔಷಧಿ ಮಿನಾಕ್ಸಿಡಿಲ್. ಮೊದಲ ವಾರಗಳಲ್ಲಿ ಉದುರುವುದು ಹೆಚ್ಚಾದರೆ ಹೆದರಿ ಬಿಡಬೇಡಿ, ಫಲ ಕಾಣಲು 4ರಿಂದ 6 ತಿಂಗಳು ಬೇಕು. ಮಿನಾಕ್ಸಿಡಿಲ್ ದ್ರಾವಣದಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ ಕೆಲವರಿಗೆ ನವೆ, ಹೊಟ್ಟು ತರಿಸುತ್ತದೆ. ಅಂಥವರು ಅದಿಲ್ಲದ ಫೋಮ್ ಕೇಳಿ.

ನಾಣ್ಯದಷ್ಟಗಲ ನುಣ್ಣಗೆ ಬೋಳಾದರೆ, ಮಕ್ಕಳ ತಲೆಯಲ್ಲಿ ಹೊಟ್ಟಿನೊಂದಿಗೆ ಕೂದಲು ತುಂಡಾಗುತ್ತಿದ್ದರೆ, ಕೆನ್ನೆ ಕೆಂಪಾಗಿಯೂ ಮೂಗಿನ ಪಕ್ಕದ ಮಡಿಕೆ ಮಾತ್ರ ಚೊಕ್ಕವಾಗಿದ್ದರೆ ಶಾಂಪೂ ನಂಬಿ ಕೂರಬೇಡಿ, ವೈದ್ಯರಿಗೆ ತೋರಿಸಿ. ಅವರು ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಥೈರಾಯ್ಡ್ ಪರೀಕ್ಷೆಗೆ ಬರೆದರೆ, ನೀವು ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನುಂಗುತ್ತಿರುವುದನ್ನು ರಕ್ತ ಕೊಡುವ ಮೊದಲೇ ಹೇಳಿ. ಅದು ಥೈರಾಯ್ಡ್ ವರದಿಯನ್ನೇ ತಪ್ಪಾಗಿ ತೋರಿಸಬಲ್ಲದು.